ಐಚ್ಛಿಕ ಪದರ

ಪಾಠದಲ್ಲಿದ್ದ ಕೈಗಳು ಮಾಯವಾಗಿದ್ದವು. ಆದರೂ ಪರೀಕ್ಷಾ ಯಂತ್ರ ಹಸಿರು ದೀಪ ಹಾಕಿತು.

ಇನ್ನೊಮ್ಮೆ ಓಡಿಸಿದೆ. ಅದೇ ಪೊಟ್ಟಣ, ಅದೇ ಪಾಠ: ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರ, ಲೋಲಕದ ಅಧ್ಯಾಯ. ಹಲಗೆಯ ಮೇಲೆ ಲೋಲಕ ತೂಗಾಡಿತು, ಧ್ವನಿ ವಿವರಿಸಿತು, ಅಕ್ಷರಗಳು ಸಾಲಾಗಿ ಬಂದವು. ಬಲಗಡೆ ಬೆಳಕಿನ ಎರಡು ಕೈ, ಒಂದು ಮುಖ ಮೂಡಬೇಕಾದ ಜಾಗ ಮಾತ್ರ ಖಾಲಿ. ಮತ್ತೆ ಹಸಿರು ದೀಪ. ಉತ್ತೀರ್ಣ. ಈ ಯಂತ್ರಕ್ಕೇನು ತಲೆ ಕೆಟ್ಟಿದೆಯೇ ಅಂತ ಗಟ್ಟಿಯಾಗಿಯೇ ಬೈದೆ. ಪಕ್ಕದ ಮೇಜಿನ ನಸೀಮಾ ತಲೆ ಎತ್ತಿ ನೋಡಿ ಮತ್ತೆ ತನ್ನ ಕೆಲಸಕ್ಕೆ ಇಳಿದಳು. ನನ್ನ ಬೈಗುಳ ಆಕೆಗೆ ಹೊಸದಲ್ಲ.

ನಾನು ಮಹಾನಂದಾ. ಹುಬ್ಬಳ್ಳಿಯ ಅನುಸರಣಾ ಪರೀಕ್ಷಾ ಕೇಂದ್ರದಲ್ಲಿ ಕೆಲಸ. ಕೆಲಸ ಏನು ಅಂದರೆ, ಯಾವ ಕಂಪನಿಯ ಕಲಿಕೆಯ ಹಲಗೆ ಶಾಲೆ ಕಾಲೇಜಿಗೆ ಹೋಗಬೇಕಾದರೂ ಮೊದಲು ನನ್ನ ಮೇಜಿನ ಮೇಲೆ ಪಾಸಾಗಬೇಕು. ಈಗಿನ ಹುಡುಗರಿಗೆ ಹಿಂದಿನ ಕಷ್ಟ ಗೊತ್ತಿಲ್ಲ. ಆಗ ಒಂದು ಕಂಪನಿಯ ಪಾಠ ಇನ್ನೊಂದು ಕಂಪನಿಯ ಹಲಗೆಯಲ್ಲಿ ತೆರೆಯುತ್ತಲೇ ಇರಲಿಲ್ಲ. ಒಬ್ಬರ ಸಿಲಿಂಡರಿಗೆ ಇನ್ನೊಬ್ಬರ ರೆಗ್ಯುಲೇಟರ್ ಕೂರುವುದಿಲ್ಲವಲ್ಲ, ಹಾಗೆ. ಶಾಲೆ ಬದಲಾಯಿಸಿದ ಮಗು ಓದಿದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಶುರುಮಾಡಬೇಕಾಗಿತ್ತು. ಅದಕ್ಕೇ ‘ಏಕಸೂತ್ರ’ ಅನ್ನುವ ಮಾನಕ ಬಂತು. ಪಾಠವನ್ನು ಯಾರೇ ಮಾಡಲಿ, ಒಂದೇ ರೀತಿಯ ಪೊಟ್ಟಣ ಕಟ್ಟಬೇಕು. ಪೊಟ್ಟಣದೊಳಗೆ ಪದರಗಳು: ಅಕ್ಷರದ್ದು, ಧ್ವನಿಯದ್ದು, ಚಿತ್ರದ್ದು. ಯಾರ ಹಲಗೆಯಲ್ಲಿಟ್ಟರೂ ಎಲ್ಲ ಪದರ ತೆರೆಯಬೇಕು.

ಅದರಲ್ಲಿ ಒಂದು ಕೈಪದರ. ಕಿವಿ ಕೇಳದ ಮಕ್ಕಳಿಗಾಗಿ. ಅದು ಮೊದಲೇ ಹಿಡಿದಿಟ್ಟ ವಿಡಿಯೊ ಅಲ್ಲ. ಪಾಠದ ಅರ್ಥವನ್ನು ತೆಗೆದುಕೊಂಡು ಆ ಬೆಳಕಿನ ಕೈಗಳು ಅಲ್ಲೇ ಸಂಜ್ಞೆ ಮಾಡುತ್ತವೆ. ಮಗು ಲೋಲಕದ ಕಡೆ ನೋಡಿದರೆ ನಿಂತು ಕಾಯುತ್ತವೆ, ಕಣ್ಣು ತಿರುಗಿದ ಮೇಲೆ ಮುಂದುವರಿಯುತ್ತವೆ. ಮಗು ತಿರುಗಿ ಕೈಯಲ್ಲೇ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತವೆ. ಮುಖ ಯಾಕೆ ಅಂದರೆ, ಹುಬ್ಬು ಏಳದಿದ್ದರೆ ಸಂಜ್ಞೆಯಲ್ಲಿ ಪ್ರಶ್ನೆ ಪ್ರಶ್ನೆಯಾಗುವುದಿಲ್ಲ. ಈ ಕೈಗಳಿಗೆ ಮಾದರಿಯಾಗಿ ಹುಬ್ಬಳ್ಳಿ ಧಾರವಾಡದ ಕಿವುಡ ಹುಡುಗ ಹುಡುಗಿಯರು ಬೆರಳಿಗೆ ಚಲನೆ ಹಿಡಿಯುವ ಪಟ್ಟಿ ಸುತ್ತಿಕೊಂಡು ನಮ್ಮ ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ನಿಂತರು. ನನ್ನ ಪರೀಕ್ಷೆಯ ಪೊಟ್ಟಣದಲ್ಲಿದ್ದ ಕೈಗಳು ಯಾರವು ಅಂತ ನನಗೆ ಚೆನ್ನಾಗಿ ಗೊತ್ತು. ನನ್ನ ಮಗಳು ಮೈತ್ರಾಳವು.

ಮೈತ್ರಾ ಹುಟ್ಟುಗಿವುಡಿ. ಕಿವುಡ ಮಕ್ಕಳ ಶಾಲೆಯಲ್ಲಿ ಪಿಯುಸಿ ತನಕ ಓದಿ ಜಿಲ್ಲೆಗೇ ಮೊದಲಿಗಳಾಗಿ ಪಾಸಾಗಿದ್ದಳು. ಭೌತಶಾಸ್ತ್ರ ಅಂದರೆ ಪ್ರಾಣ. ಮುಂದೆ ಬಿ.ಎಸ್ಸಿ. ಓದಬೇಕಾದರೆ ನಮ್ಮೂರಿನ ಮಾಮೂಲಿ ಕಾಲೇಜಿಗೇ ಸೇರಬೇಕು. ಅಲ್ಲಿ ಸಂಜ್ಞೆ ಬಲ್ಲ ಮೇಷ್ಟ್ರು ಯಾರೂ ಇಲ್ಲ. ಜೂನ್ ಹೊತ್ತಿಗೆ ಏಕಸೂತ್ರ ಕಾಲೇಜುಗಳಲ್ಲೂ ಜಾರಿಗೆ ಬರುತ್ತದೆ, ಕಾಲೇಜಿನ ಹಲಗೆ ಯಾರದ್ದೇ ಇರಲಿ ಅದರಲ್ಲಿ ಕೈ ಇದ್ದೇ ಇರುತ್ತದೆ ಅನ್ನುವ ಒಂದೇ ಧೈರ್ಯದ ಮೇಲೆ ಅವಳು ಅರ್ಜಿ ಹಾಕಿದ್ದಳು. ಕೈ ಇಲ್ಲದಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು.

ಯಂತ್ರ ಕೆಟ್ಟಿರಲಿಲ್ಲ. ನಸೀಮಾ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಾಗಿ ನೋಡಿದಳು. “ಮೇಡಮ್ಮರ, ಹೊಸಾ ಆವೃತ್ತಿ ನೋಡಿಲ್ಲೇನ್ರಿ? ನಿನ್ನೆ ಬಂದೈತಿ. ಕೈಪದರ ಐಚ್ಛಿಕ ಮಾಡ್ಯಾರ.”

“ಏನಂದಿ?”

“ಐಚ್ಛಿಕ ರೀ. ಬೇಕಾದವರು ತೋರಿಸಬೋದು, ಬ್ಯಾಡಾದವರು ಬಿಡಬೋದು.”

ಹೊರಗಿನವರಿಗೆ ಇದು ಸಣ್ಣ ಬದಲಾವಣೆ ಅನ್ನಿಸಬಹುದು. ಕಡ್ಡಾಯ ಪದರ ತೆರೆಯದಿದ್ದರೆ ನಾನು ಹಲಗೆಯನ್ನು ಫೇಲು ಮಾಡುತ್ತೇನೆ, ಅದು ಮಾರಾಟವಾಗುವುದಿಲ್ಲ. ಐಚ್ಛಿಕ ಪದರವಾದರೆ ನನ್ನ ಕೈಯಲ್ಲಿ ಏನೂ ಇಲ್ಲ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಹಲಗೆಗೆ ತನಗೆ ಬೇಡದ ಐಚ್ಛಿಕ ಪದರ ಸಿಕ್ಕರೆ ಪೊಟ್ಟಣವನ್ನು ಉಳಿಸುವಾಗ ಅದನ್ನು ಕಿತ್ತು ಎಸೆಯುವ ಸ್ವಾತಂತ್ರ್ಯವೂ ಇದೆ. ಒಮ್ಮೆ ಅಂಥ ಹಲಗೆಯನ್ನು ಹಾದು ಬಂದ ಪಾಠವನ್ನು ಆಮೇಲೆ ಎಂಥ ಒಳ್ಳೆಯ ಹಲಗೆಯಲ್ಲಿಟ್ಟರೂ ಕೈ ತಿರುಗಿ ಬರುವುದಿಲ್ಲ. ಒಂದು ವರ್ಷ ಕಳೆದರೆ ರಾಜ್ಯದ ಅರ್ಧ ಪಾಠಗಳ ಕೈ ಕತ್ತರಿಸಿ ಹೋಗಿರುತ್ತವೆ.

“ಹೆಂಗ ಮಾಡಿದ್ರು?” ಅಂದೆ. “ಬಳಕೆದಾರರ ಪ್ರತಿನಿಧಿ ಒಪ್ಪೋ ತನಕ ಆ ಕಲಂ ಮುಟ್ಟಂಗಿಲ್ಲ ಅಂತ ನಿಯಮಾನ ಐತಲ್ಲ!”

ನಸೀಮಾ ನನ್ನ ಮುಖ ನೋಡಲಿಲ್ಲ. “ಪ್ರತಿನಿಧಿ ಒಪ್ಪ್ಯಾರಂತ ರೀ. ಕೈ ಎತ್ತಿ ಒಪ್ಪ್ಯಾರ.”

ಕಿವುಡ ಬಳಕೆದಾರರ ಪ್ರತಿನಿಧಿ ಅಂದರೆ ಮೈತ್ರಾ. ಹದಿನೆಂಟು ತುಂಬಿದ ಕೂಡಲೇ ಕಿವುಡರ ಸಂಘದವರು ಅವಳನ್ನೇ ಆರಿಸಿ ಏಕಸೂತ್ರ ಬರೆಯುವ ಸಮಿತಿಗೆ ಕಳಿಸಿದ್ದರು. ಪರೀಕ್ಷಾ ಕೇಂದ್ರದವರು ಸಮಿತಿಯ ಸಭೆಯಲ್ಲಿ ಕೂರುವಂತಿಲ್ಲ. ಹೊಸ ಆವೃತ್ತಿ ಮತಕ್ಕೆ ಬಂದ ದಿನ ಗೋಡೆಯಾಚೆಯ ಸಭಾಂಗಣದಲ್ಲಿ ಅವಳು, ಈಚೆ ನಾನು. ಸಭೆ ಮುಗಿದು ಹೊರಬಂದವಳು ನಗುನಗುತ್ತಾ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ್ದಳು. ಅದು ನೆನಪಾಗಿ ನನ್ನ ಮೈ ಉರಿಯಿತು.

ಮನೆಗೆ ಹೋದವಳು ಚಪ್ಪಲಿಯನ್ನೂ ಬಿಡಲಿಲ್ಲ. ಮೈತ್ರಾ ಪಡಸಾಲೆಯಲ್ಲಿ ನೆಲದ ಮೇಲೆ ಕೂತು ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದಳು. ಹೊಸ ಕಾಲೇಜಿನ ಪುಸ್ತಕ. ಅತ್ತೆಯವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಅವಳ ಎದುರಿಗೆ ನಿಂತು ಕೈಯಲ್ಲೇ ಜಗಳ ತೆಗೆದೆ. ಅವಳ ಮಾತು ಕೈಯದ್ದು. ಅದನ್ನು ಇಲ್ಲಿ ನನ್ನ ಬಾಯಿಯ ಮಾತಿನಲ್ಲಿ ಬರೆಯುತ್ತೇನೆ.

“ನೀ ಯಾಕ ಕೈ ಎತ್ತಿದಿ?”

ಅವಳಿಗೆ ಅರ್ಥವಾಗಲಿಲ್ಲ.

“ಕೈಪದರ ಬ್ಯಾಡ ಅಂತ ಒಪ್ಪಿ ಬಂದೀಯಲ್ಲ! ದೊಡ್ಡ ದೊಡ್ಡ ಮಂದಿ ನಡುವ ಕುರ್ಚಿ ಹಾಕಿ ಕೂಡಿಸಿದ್ರು ಅಂತ ಉಬ್ಬಿ ಹೋದ್ಯಾ? ನಿನ್ನ ಕೈ ನೀನ ಕಡಕೊಂಡು ಬಂದೀಯಲ್ಲ ಹುಚ್ಚಿ! ನಿನ್ನ ಹಿಂದ ಬರೋ ಹುಡುಗ್ರ ಗತಿ ಏನು?”

ನನಗೆ ಸಿಟ್ಟು ಬಂದರೆ ಕೈ ಬಾಯಿಗಿಂತ ಜೋರು. ಅವಳು ಎದ್ದು ನಿಂತು ನನ್ನ ಎರಡೂ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ನಮ್ಮಲ್ಲಿ ಬಾಯಿ ಮುಚ್ಚಿಸುವುದು ಅಂದರೆ ಅದು. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಕೈ ಎಳೆದಾಡುವುದು ನಿಂತ ಮೇಲೆ ಬಿಟ್ಟಳು.

“ಹಂಗ ಯಾರೂ ನನ್ನ ಕೇಳೇ ಇಲ್ಲ,” ಅಂದಳು.

“ಅಧ್ಯಕ್ಷರು ಕೇಳ್ಯಾರ. ಎಲ್ಲಾರೂ ಕೇಳಿಸ್ಕೊಂಡಾರ.”

“ನನಗ ಕೇಳಿದ್ದು ಹಿಂಗ.” ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತು ಆ ದಿನ ಕಂಡದ್ದನ್ನು ಹಾಗೇ ಮಾಡಿ ತೋರಿಸಿದಳು. ‘ಕೈಪದರ, ಮುಂದಿನ ಆವೃತ್ತಿಯಲ್ಲಿ, ಇನ್ನೂ ಚಂದ ಮಾಡೋಣ. ನಿನಗೆ ಒಪ್ಪಿಗೆಯಾ?’ ಹುಬ್ಬು ಎತ್ತಿದಳು. ಆ ಕೈ ಬೀಸುವ ರೀತಿ, ನಡುವೆ ಕಿರುಬೆರಳಿನಿಂದ ಕನ್ನಡಕ ಮೇಲೆ ತಳ್ಳಿಕೊಳ್ಳುವ ರೀತಿ. ಅವಳಿಗೆ ಕನ್ನಡಕವಿಲ್ಲ. ಅದು ಯಾರ ಕೈ ಅಂತ ಹೇಳುವ ಅಗತ್ಯವೇ ಇರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತೆ.

ಗುರುಪಾದ. ಏಕಸೂತ್ರದ ಕರಡಿನ ಸಂಪಾದಕ. ನಾನು ಓದಿದ ಕಾಲೇಜಿನಲ್ಲೇ ನನಗಿಂತ ಕೆಳಗಿನ ತರಗತಿಯಲ್ಲಿದ್ದವನು; ಆಗಿನಿಂದ ನನಗೆ ತಮ್ಮ. ನಮ್ಮ ಯಜಮಾನರು ರೈಲ್ವೆ ಗಾರ್ಡ್, ಮನೆಯಲ್ಲಿರುವುದಕ್ಕಿಂತ ಗಾಡಿಯಲ್ಲಿರುವುದೇ ಹೆಚ್ಚು. ಮೈತ್ರಾ ಸಣ್ಣವಳಿದ್ದಾಗ ಜ್ವರ ಬಂದರೆ ದವಾಖಾನೆಗೆ ಓಡಿದವನು ಇವನು. ಅವಳ ಜೊತೆ ಮಾತಾಡಬೇಕು ಅಂತಲೇ ಸಂಜ್ಞೆ ಕಲಿತ. ನಾನು ತಾಯಿ, ಕಲಿಯದೆ ಗತಿಯಿರಲಿಲ್ಲ. ಅವನಿಗೆ ಯಾವ ಕಟ್ಟೂ ಇರಲಿಲ್ಲ, ಆದರೂ ಕಲಿತ, ನನಗಿಂತ ಚೆನ್ನಾಗಿ ಕಲಿತ.

ಕಿವುಡರಲ್ಲಿ ಒಂದು ಪದ್ಧತಿ ಇದೆ. ಹೊರಗಿನವರ ಹೆಸರನ್ನು ಬೆರಳಕ್ಷರದಲ್ಲಿ ಒಂದೊಂದಾಗಿ ಹೇಳುತ್ತಾರೆ. ತಮ್ಮವನು ಅನ್ನಿಸಿದರೆ ಅವನಿಗೊಂದು ಸಂಜ್ಞೆಯ ಹೆಸರು ಕೊಡುತ್ತಾರೆ. ಅದನ್ನು ನಾವಾಗಿ ಇಟ್ಟುಕೊಳ್ಳುವ ಹಾಗಿಲ್ಲ, ಕೇಳಿ ಪಡೆಯುವ ಹಾಗೂ ಇಲ್ಲ, ಅವರೇ ಕೊಡಬೇಕು. ಹೆತ್ತವಳಾದ ನನಗೂ ಮೈತ್ರಾಳೇ ಕೊಟ್ಟದ್ದು. ಮೂಗಿನ ತುದಿಗೆ ಬೆರಳು ಮುಟ್ಟಿಸಿದರೆ ನಾನು. ನನ್ನ ಸಿಟ್ಟು ಅಲ್ಲೇ ಇರುತ್ತದಂತೆ. ಗುರುಪಾದನಿಗೆ ಕೊಟ್ಟದ್ದು ಕಿರುಬೆರಳಿನಿಂದ ಕನ್ನಡಕ ತಳ್ಳುವ ಸಂಜ್ಞೆ. ಆ ಹೆಸರು ಸಿಕ್ಕ ದಿನ ಅವನು ಓಣಿಗೆಲ್ಲ ಪೇಡೆ ಹಂಚಿದ್ದ. ಕಿವುಡರ ಸಂಘದಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ.

ಸಮಿತಿಗೆ ಹೋಗುವಾಗ ದುಭಾಷಿ ಯಾರು ಬೇಕು ಅಂತ ಸಂಘದವರು ಕೇಳಿದ್ದರು. ಮೈತ್ರಾ ಒಂದು ಕ್ಷಣವೂ ಯೋಚಿಸದೆ ಕಿರುಬೆರಳಿನಿಂದ ಇಲ್ಲದ ಕನ್ನಡಕ ಮೇಲೆ ತಳ್ಳಿದ್ದಳು.

ಸಭೆಯ ಪರದೆಯ ಮೇಲೆ ಮಾತೆಲ್ಲ ಅಕ್ಷರವಾಗಿ ಮೂಡುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಮೂಡುತ್ತಿತ್ತು. ಆದರೆ ಕೈ ನೋಡುವವರಿಗೆ ಪರದೆ ನೋಡಲಾಗುವುದಿಲ್ಲ, ಒಂದು ಕಣ್ಣನ್ನು ಇಲ್ಲಿ ಇನ್ನೊಂದನ್ನು ಅಲ್ಲಿ ಇಡಲು ಬರುವುದಿಲ್ಲ. ಅಲ್ಲದೆ ನಂಬಿದವನು ಎದುರಿಗೆ ಕೂತಿರುವಾಗ ಪರದೆ ಯಾಕೆ ನೋಡಬೇಕು?

ನಾನು ಮಗಳ ಕೈ ಹಿಡಿದುಕೊಂಡು ತಪ್ಪಾಯಿತು ಅಂದೆ. ಅವಳು ತಲೆಯಾಡಿಸಿದಳು. ಅರ್ಧ ಹೊದಿಕೆ ಹಾಕಿದ ಪುಸ್ತಕ ಹಾಗೇ ಬಿದ್ದಿತ್ತು.

ರವಿವಾರ ಗುರುಪಾದ ಎಂದಿನಂತೆ ಊಟಕ್ಕೆ ಬಂದ. ನಾನೇನೂ ಕರೆದಿರಲಿಲ್ಲ, ಅವನನ್ನು ಕರೆಯುವ ಪದ್ಧತಿಯೇ ಇಲ್ಲ. ಅತ್ತೆಯವರಿಗೆ ಅಂತ ಎಲೆಯಡಿಕೆ ತಂದಿದ್ದ. ಅತ್ತೆಯವರು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಟೀಪಾಯಿಯ ಮೇಲೆ ಇಟ್ಟು, ನನ್ನ ಮುಖ ನೋಡಿ, ಮೈತ್ರಾಳ ಮುಖ ನೋಡಿ, ಕೂರದೆ ನಿಂತ.

“ಗೊತ್ತಾತೇನ ಅಕ್ಕಾ?” ಅಂದ.

ಇಲ್ಲ ಅನ್ನುತ್ತಾನೆ, ಏನೋ ಗೊಂದಲ ಆಯಿತು ಅನ್ನುತ್ತಾನೆ, ಅಂತ ನನ್ನ ಮನಸ್ಸಿನ ಒಂದು ಮೂಲೆ ಇನ್ನೂ ಆಸೆ ಇಟ್ಟುಕೊಂಡಿತ್ತು. ಅದೂ ಮುರಿಯಿತು.

“ಯಾಕೋ?” ಅಂದೆ.

“ಕಂಪನಿಯವರು ಎಲ್ಲಾರೂ ಎದ್ದು ಹೊಂಟಿದ್ರು ಅಕ್ಕಾ. ಕೈಪದರ ಕಡ್ಡಾಯ ಇದ್ರ ನಾವು ಏಕಸೂತ್ರ ಒಪ್ಪಂಗಿಲ್ಲ, ಅಷ್ಟು ಭಾರ ನಮ್ಮ ಹಲಗಿ ತಡಿಯಂಗಿಲ್ಲ ಅಂದ್ರು. ಅವರು ಹೋದ್ರ ಮಾನಕಾನ ಸತ್ತು ಹೋಗ್ತಿತ್ತು. ಇಷ್ಟು ವರ್ಷದ ಕೆಲಸ, ಇಷ್ಟು ಹುಡುಗ್ರು… ಮುಂದಿನ ಆವೃತ್ತಿಯೊಳಗ ವಾಪಸ್ ತರಬೇಕಂತ ಮಾಡಿದ್ದೆ. ಖರೇನ ಹೇಳ್ತೀನಿ.”

“ಬಾಯಿಲೆ ಬ್ಯಾಡ, ಕೈಲೆ ಹೇಳು,” ಅಂದೆ. “ಆಕಿ ಮುಂದ ನಿಂತೀದಿ. ಆಕಿಗೆ ಹೇಳು.”

ಅವನು ಮೈತ್ರಾಳ ಕಡೆ ತಿರುಗಿದ. ನನಗೆ ಹೇಳಿದ್ದನ್ನೇ ಎಲ್ಲ ಹೇಳಿದ. ಮೈತ್ರಾ ನಡುವೆ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಸರಿಯಾಗಿ ಕೇಳಿದ್ರ ನಾ ಒಲ್ಲೆ ಅಂತಿದ್ದೆ ಅಂತ ನಿನಗ ಗೊತ್ತಿತ್ತೇನು?”

ಅವನು ಕೈಯಲ್ಲೇ ಹೇಳಿದ: “ಗೊತ್ತಿತ್ತು. ಅದಕ್ಕ ಕೇಳಲಿಲ್ಲ.”

ಪ್ರತಿನಿಧಿ ಒಪ್ಪದೆ ಕಲಂ ಮುಟ್ಟಬಾರದು ಅನ್ನುವ ನಿಯಮ ಬರೆದವನೇ ಅವನು. ನಮ್ಮ ಪಡಸಾಲೆಯಲ್ಲೇ, ಇದೇ ಮೈತ್ರಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬರೆದಿದ್ದ. ಕಂಪನಿಯವರು ಹೆದರಿಸಿದ್ದರೆ ನಮಗೆ ಬಂದು ಹೇಳಬೇಕಿತ್ತು. ಕೂಡಿ ಜಗಳಾಡುತ್ತಿದ್ದೆವು, ಕೂಡಿ ಸೋಲುತ್ತಿದ್ದೆವು. ವೈರಿ ಮಾಡಿದ್ದರೆ ನಾನು ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಇವನು ನನ್ನ ಮಗಳ ಭಾಷೆಯನ್ನು ನನ್ನ ಮಗಳಿಂದಲೇ ಕಲಿತು, ಅದರಲ್ಲೇ ಅವಳಿಗೆ ಸುಳ್ಳು ಹೇಳಿದ.

ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಕೈಗೆ ಹಿಟ್ಟು ಮೆತ್ತಿತ್ತು. “ತಮ್ಮಾ,” ಅಂದರು, “ನೀ ಬರ್ತೀಯಂತ ನಾ ಪ್ರತಿ ರವಿವಾರ ಎಣ್ಣೆಗಾಯಿ ಮಾಡಾಕಿ. ಇವತ್ತೂ ಮಾಡೀನಿ. ಆದ್ರ ನಿನಗ ನೀಡಾಕ ನನ್ನ ಕೈ ಏಳವಲ್ದು. ನೀ ಹೋಗಿ ಬಾ.”

ಅವನು ಹೋದ. ಎಲೆಯಡಿಕೆ ಅಲ್ಲೇ ಒಣಗಿತು.

ಅಲ್ಲಿಯ ಹಲಗೆಯಲ್ಲಿ ಕೈ ತೋರಿಸಲು ಆಗುತ್ತದೆಯೇ ಅಂತ ಕೇಳಲು ನಾನೇ ಕಾಲೇಜಿಗೆ ಹೋದೆ. ಪ್ರಾಂಶುಪಾಲರು ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿ ಕೊಟ್ಟರು. “ನಮ್ಮ ಹಲಗಿಗೆ ನಿಮ್ಮ ಕೇಂದ್ರದವರ ಪ್ರಮಾಣಪತ್ರ ಐತ್ರಿ ಮೇಡಮ್,” ಅಂದರು. “ಕೈ ತೋರಿಸಬೇಕಂತ ನಾವು ಕಂಪನಿಗೆ ಹೆಂಗ ಹೇಳೋದು? ಮಾನಕದೊಳಗ ಕಡ್ಡಾಯನ ಇಲ್ಲ ಅಂತಾರ. ಹೈದರಾಬಾದಿನ್ಯಾಗ ಇಂಥಾ ಹುಡುಗ್ರಿಗೇ ಬ್ಯಾರೆ ಕಾಲೇಜು ಐತಂತ, ವಿಚಾರ ಮಾಡ್ರಲಾ.” ಆ ಪ್ರಮಾಣಪತ್ರಕ್ಕೆ ಸಹಿ ಹಾಕಿದವಳು ನಾನೇ. ಹಸಿರು ದೀಪ ಹತ್ತಿದ ಮೇಲೆ ಹಾಕದಿರಲು ನನಗೆ ಅಧಿಕಾರವಿಲ್ಲ. ಅದನ್ನು ಅವರಿಗೆ ಹೇಳಿ ಏನು ಪ್ರಯೋಜನ?

ಹೈದರಾಬಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಇರಲಿಲ್ಲ. ಹೊಲಿಗೆ, ಮುದ್ರಣ, ಕಂಪ್ಯೂಟರ್ ಬೆರಳಚ್ಚು ಇತ್ತು. ಮೈತ್ರಾ ಹೊದಿಕೆ ಹಾಕಿದ ಪುಸ್ತಕಗಳನ್ನೆಲ್ಲ ಕಪಾಟಿಗೆ ಸೇರಿಸಿ ಬಾಗಿಲು ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಬಂದು ನನ್ನ ಎದುರಿಗೆ ನಿಂತಳು.

“ಸಮಿತಿ ಮತ್ತ ಯಾವಾಗ ಕೂಡತೈತಿ?”

“ಈ ತಿಂಗಳ ಕೊನಿಗೆ.”

“ನನಗ ದುಭಾಷಿ ಬೇಕು. ನನಗ ಗುರುತಿಲ್ಲದವರು.”

ಬೆಳಗಾವಿಯಿಂದ ಸರೋಜಿನಿ ಅನ್ನುವ ದುಭಾಷಿ ಬಂದರು. ಈ ಸಲ ಮೈತ್ರಾ ಕೊಟ್ಟ ದೂರಿನ ವಿಚಾರಣೆ ಆದ್ದರಿಂದ ಪರೀಕ್ಷಾ ಕೇಂದ್ರದವರಿಗೂ ಒಳಗೆ ಬರಲು ಅನುಮತಿ ಇತ್ತು. ನಾನು ಹಿಂದಿನ ಸಾಲಿನಲ್ಲಿ ಕೂತೆ. ಉದ್ದ ಮೇಜು, ಒಂದು ಕಡೆ ಕಂಪನಿಗಳ ಮಂದಿ, ಇನ್ನೊಂದು ಕಡೆ ಶಿಕ್ಷಣ ಇಲಾಖೆಯವರು. ತಲೆಯ ಭಾಗದಲ್ಲಿ ಅಧ್ಯಕ್ಷರಾದ ಡಾಕ್ಟರ್ ನರಹರಿ, ಬೆಂಗಳೂರಿನ ನಿವೃತ್ತ ಪ್ರಾಧ್ಯಾಪಕರು. ಅವರ ಎಡಕ್ಕೆ ಸಂಪಾದಕನ ಕುರ್ಚಿಯಲ್ಲಿ ಗುರುಪಾದ. ಗಡ್ಡ ಬಿಟ್ಟಿದ್ದ.

ಮೈತ್ರಾ ಎದ್ದು ನಿಂತಳು. ಸರೋಜಿನಿ ಅವಳ ಕೈಗಳಿಗೆ ಧ್ವನಿ ಕೊಟ್ಟರು.

“ಹಿಂದಿನ ಸಭೆಯಲ್ಲಿ ನಾನು ಕೈ ಎತ್ತಿದ್ದು ನಿಜ. ಆದರೆ ಅಧ್ಯಕ್ಷರು ಕೇಳಿದ ಪ್ರಶ್ನೆ ನನ್ನ ತನಕ ಬರಲಿಲ್ಲ. ಬೇರೆ ಪ್ರಶ್ನೆ ಬಂತು. ನಾನು ಅದಕ್ಕೆ ಒಪ್ಪಿದೆ. ಆದ್ದರಿಂದ ನನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಕೊಟ್ಟೇ ಇಲ್ಲ ಅಂತ ಹೇಳುತ್ತಿದ್ದೇನೆ.”

ಮೇಜಿನ ಸುತ್ತ ಗುಜುಗುಜು ಎದ್ದಿತು. ನರಹರಿಯವರು ಕೈ ಎತ್ತಿ ಸುಮ್ಮನಿರಿಸಿದರು. “ನೋಡಮ್ಮ, ಇದು ಬಹಳ ಗಂಭೀರವಾದ ಮಾತು. ಬೇರೆ ಪ್ರಶ್ನೆ ನಿಮಗೆ ಹೇಳಿದವರು ಯಾರು? ಹೆಸರು ಹೇಳಬೇಕಾಗುತ್ತೆ.”

ಸರೋಜಿನಿ ಆ ಪ್ರಶ್ನೆಯನ್ನು ಕೈಗೆ ಇಳಿಸಿದರು. ಗುರುಪಾದ ಕುರ್ಚಿಯ ತುದಿಗೆ ಬಂದಿದ್ದ, ಅವಳ ಕೈಯನ್ನೇ ನೋಡುತ್ತಿದ್ದ. ಮೈತ್ರಾಳ ಬಲಗೈ ಮೇಲಕ್ಕೆ ಹೋಯಿತು. ಅಭ್ಯಾಸಬಲದಿಂದ ಕಿರುಬೆರಳು ಮೂಗಿನ ಹತ್ತಿರಕ್ಕೆ ಬಂದೇ ಬಿಟ್ಟಿತ್ತು. ಅಲ್ಲೇ ನಿಂತಿತು. ಅವಳು ಕೈ ಕೆಳಗಿಳಿಸಿ, ಎದೆಯ ಮುಂದೆ ತಂದು, ಬೆರಳಕ್ಷರ ಶುರುಮಾಡಿದಳು.

“ಗು,” ಅಂದರು ಸರೋಜಿನಿ. “ರು… ಪಾ… ದ.”

ಅವರು ಬಾಯಿ ತೆರೆಯುವ ಮೊದಲೇ, ಮೊದಲ ಅಕ್ಷರಕ್ಕೇ ಅವನಿಗೆ ತಿಳಿದಿತ್ತು. ನಾನು ನೋಡಿದೆ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಅಲ್ಲ ಆ ಮುಖದಲ್ಲಿ ಇದ್ದದ್ದು. ಸತ್ತ ಸುದ್ದಿ ಕೇಳಿದವರ ಮುಖ ಅದು.

ವಿಚಾರಣೆ ಮಾಮೂಲಿನಂತೆ ಮುಗಿಯಿತು. ಗುರುಪಾದ ಎದ್ದು ನಿಂತು ಹೌದು ಅಂದ, ಸುಳ್ಳು ಹೇಳಲಿಲ್ಲ. ಅವನನ್ನು ಸಂಪಾದಕ ಸ್ಥಾನದಿಂದ ಇಳಿಸಿದರು. ಆದರೆ ಪ್ರಕಟವಾದ ಆವೃತ್ತಿಯನ್ನು ಹಿಂಪಡೆಯಲು ಕಂಪನಿಯವರು ಬಿಡಲಿಲ್ಲ. ಹಲಗೆಗಳು ಆಗಲೇ ಊರೂರು ಸೇರಿವೆ ಅಂದರು. ಮುಂದಿನ ಆವೃತ್ತಿಯಲ್ಲಿ ಕೈಪದರವನ್ನು ಮತ್ತೆ ಚರ್ಚೆಗೆ ಇಡುವುದು ಅಂತ ನರಹರಿಯವರು ತೀರ್ಮಾನ ಓದಿದರು. ಮುಂದಿನ ಆವೃತ್ತಿ ಬರುವಷ್ಟರಲ್ಲಿ ಮೈತ್ರಾಳ ಓರಗೆಯವರು ಬಿ.ಎಸ್ಸಿ. ಮುಗಿಸಿರುತ್ತಾರೆ. ಅವಳು ತೀರ್ಮಾನವನ್ನು ಪೂರ್ತಿ ನೋಡಿ, ಪ್ರತಿನಿಧಿ ಸ್ಥಾನ ಬಿಡುವುದಿಲ್ಲ, ಆ ಚರ್ಚೆಗೂ ತಾನೇ ಬರುತ್ತೇನೆ ಅಂದಳು.

ಎಲ್ಲರೂ ಏಳುವ ಹೊತ್ತಿಗೆ ಸರೋಜಿನಿ ಮೈತ್ರಾಳ ಹತ್ತಿರ ಬಂದರು. ತಮ್ಮ ವರದಿಗೆ ಬೇಕು ಅಂತ, ಗುರುಪಾದನ ಕಡೆ ಬೆರಳು ತೋರಿಸಿ, ಸಹಜವಾಗಿ ಕೇಳಿದರು: “ಇವರಿಗೆ ನಿಮ್ಮವರು ಏನಾದರೂ ಸಂಜ್ಞೆಯ ಹೆಸರು ಕೊಟ್ಟಿದ್ದಾರೆಯೇ?”

ಅವನು ಅಲ್ಲೇ ಇದ್ದ, ಕಾಗದ ಜೋಡಿಸಿಕೊಳ್ಳುತ್ತಾ. ಆ ಪ್ರಶ್ನೆ ಅವನಿಗೂ ಕಂಡಿತು. ತಲೆ ಎತ್ತಿದ. ಕನ್ನಡಕ ಮೂಗಿನಿಂದ ಜಾರಿತ್ತು; ತಿಳಿಯದೆಯೇ ಕಿರುಬೆರಳಿನಿಂದ ಮೇಲೆ ತಳ್ಳಿಕೊಂಡ.

ಮೈತ್ರಾ ಅವನನ್ನು ನೇರವಾಗಿ ನೋಡಿದಳು.

“ಇಲ್ಲ,” ಅಂದಳು.